ನಿಮ್ಮ ಉಳಿತಾಯದ ಲೆಕ್ಕದಲ್ಲಿ ನಮ್ಮ ಖರ್ಚನ್ನೂ ಬರೆಯಿರಿ: ಸುವರ್ಣ ವಿಧಾನಸೌಧದಲ್ಲಿ ಸೇರುವ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ಚಳಿಗಾಲದ ಅಧಿವೇಶನಕ್ಕೆ ನೀವು ಬೆಳಗಾವಿಗೆ ಬರುತ್ತೀರಿ. ಅದೇ ಹೊತ್ತಿಗೆ ನಮ್ಮ ಕಡೆ ಕಬ್ಬಿನ ಕಟಾವು ಜೋರಾಗಿರುತ್ತದೆ. ನಿಮ್ಮ ಕಾರು ಬರುವ ದಾರಿಯಲ್ಲೇ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತವೆ. ಕಂಪ್ಯೂಟರಿನಲ್ಲಿ ಪಟ್ಟಿ ಹೊಂದಿಸಿ ನೋಡಿ ತಪ್ಪಾಗಿ ಸೌಲಭ್ಯ ನಿಲ್ಲಿಸಿದಾಗ ಜನರ ಮೇಲೆ ಬೀಳುವ ಖರ್ಚಿನ ಬಗ್ಗೆ ಈ ಪತ್ರ. ಆ ಕಬ್ಬು ಕಡಿದವರ ಬೆರಳುಗಳ ಬಗ್ಗೆಯೂ ಇದರಲ್ಲಿ ಒಂದು ಮಾತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ಒಂದು ಆನ್‌ಲೈನ್ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಝೆರಾಕ್ಸ್ ಮಷೀನು, ಹೆಬ್ಬೆಟ್ಟು ಒತ್ತಿಸುವ ಒಂದು ಸಣ್ಣ ಯಂತ್ರ, ಇಷ್ಟೇ. ಮೊದಲೆಲ್ಲ ಹೊಸ ಅರ್ಜಿ ಹಾಕಲು ಜನ ಬರುತ್ತಿದ್ದರು. ಈಗ ಬರುವವರಲ್ಲಿ ಜಾಸ್ತಿ ಮಂದಿ ನಿಂತುಹೋದದ್ದನ್ನು ಮತ್ತೆ ಶುರು ಮಾಡಿಸಲು ಬರುವವರು. ಗೃಹಲಕ್ಷ್ಮಿ ನಿಂತಿದೆ, ಪಿಂಚಣಿ ನಿಂತಿದೆ, ರೇಷನ್ ಕಾರ್ಡಿನಲ್ಲಿ ಮೊಮ್ಮಗನ ಹೆಸರು ಹೋಗಿದೆ. ಯಾಕೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಆ ಕಾರಣ ಹುಡುಕಿಕೊಡುವ ಕೆಲಸಕ್ಕೆ ನಾನು ಐವತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ. ಕರೆಂಟು, ಬಾಡಿಗೆ, ಇಂಟರ್‌ನೆಟ್ ಎಲ್ಲ ಅದರಲ್ಲೇ ಆಗಬೇಕು. ಆದರೆ ಕೊಡುವವರಿಗೆ ಆ ಐವತ್ತು ರೂಪಾಯಿ ಸಣ್ಣದಲ್ಲ. ಸರ್ಕಾರದ ಯಾವ ಪುಸ್ತಕದಲ್ಲೂ ಅದು ಖರ್ಚೆಂದು ಬರೆದಿರುವುದಿಲ್ಲ. ಅದನ್ನು ಕೈಯಾರೆ ಎಣಿಸಿಕೊಳ್ಳುವವನು ನಾನು. ಹಾಗಾಗಿ ಈ ಪತ್ರ ನಾನೇ ಬರೆಯಬೇಕು ಅನಿಸಿತು.

ಒಂದು ಮನೆಯ ಸಂಗತಿ ಹೇಳುತ್ತೇನೆ. ನಮ್ಮ ಓಣಿಯ ನೇಕಾರರ ಮನೆ. ಗಂಡ ಮಗ್ಗ ನಡೆಸುತ್ತಾರೆ, ಹೆಂಡತಿ ಕಂಡಿಕೆ ಸುತ್ತುತ್ತಾರೆ. ಇನ್ನೊಂದು ಮಗ್ಗ ಹಾಕಬೇಕೆಂದು ಸಾಲಕ್ಕೆ ಹೋದಾಗ, ಎರಡು ವರ್ಷದ ಆದಾಯ ತೆರಿಗೆ ರಿಟರ್ನ್ ತನ್ನಿ ಎಂದರು. ತೆರಿಗೆ ಕಟ್ಟುವಷ್ಟು ಆದಾಯ ಆ ಮನೆಗೆ ಇಲ್ಲ. ಆದರೂ ರಿಟರ್ನ್ ತುಂಬಬಹುದು. ಒಂದು ಪೈಸೆ ತೆರಿಗೆ ಬರದಿದ್ದರೂ ರಿಟರ್ನ್ ತುಂಬುವವರು ಬೇಕಾದಷ್ಟು ಜನ ಇದ್ದಾರೆ. ಅವರ ರಿಟರ್ನ್ ತುಂಬಿದ್ದು ನಾನೇ, ಇದೇ ಅಂಗಡಿಯಲ್ಲಿ, ಇದೇ ಕಂಪ್ಯೂಟರಿನಲ್ಲಿ.

ಕೆಲವು ತಿಂಗಳ ನಂತರ ಆ ತಾಯಿಯ ಗೃಹಲಕ್ಷ್ಮಿ ನಿಂತಿತು. ಮೊದಲ ತಿಂಗಳು ತಡವಾಗಿರಬಹುದು ಎಂದುಕೊಂಡರು. ಎರಡನೇ ತಿಂಗಳು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿದರು. ಮೂರನೇ ತಿಂಗಳು ನನ್ನ ಹತ್ತಿರ ಬಂದರು. ನೋಡಿದರೆ ಅವರ ಹೆಸರಿನ ಮುಂದೆ ತೆರಿಗೆ ಪಾವತಿದಾರರು ಎಂದಿತ್ತು. ಯೋಜನೆಯ ನಿಯಮದ ಪ್ರಕಾರ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ರೊಕ್ಕ ಸಿಗುವುದಿಲ್ಲ. ನಿಯಮ ಸರಿಯೇ ಇದೆ. ಆದರೆ ರಿಟರ್ನ್ ತುಂಬುವುದಕ್ಕೂ ತೆರಿಗೆ ಕಟ್ಟುವುದಕ್ಕೂ ಇರುವ ಫರಕು ಹೊಂದಾಣಿಕೆ ಮಾಡಿದ ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ಗೃಹಲಕ್ಷ್ಮಿಯ ಪಟ್ಟಿ, ತೆರಿಗೆಯ ಪಟ್ಟಿ ಎರಡನ್ನೂ ಪಕ್ಕದಲ್ಲಿ ಇಟ್ಟರು, ಒಂದೇ ಕುಟುಂಬ ಎರಡರಲ್ಲೂ ಸಿಕ್ಕಿತು, ಹೆಸರು ಹೊಡೆದರು.

ಆ ಮೇಲೆ ಅವರಿಗೆ ಸಿಕ್ಕ ಉತ್ತರ ಏನು ಗೊತ್ತಾ? ನೀವು ತೆರಿಗೆ ಕಟ್ಟುವವರಲ್ಲ ಎಂದು ಪ್ರಮಾಣಪತ್ರ ತನ್ನಿ. ಇರುವುದನ್ನು ಇದೆ ಎಂದು ತೋರಿಸುವುದು ಸುಲಭ. ಇಲ್ಲದ್ದನ್ನು ಇಲ್ಲ ಎಂದು ತೋರಿಸಲು ಒಬ್ಬ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿಯವರು ದೂರದ ಊರಿನ ತೆರಿಗೆ ಕಚೇರಿಗೆ ಹೋಗಿ ಎಂದರು. ಶಕ್ತಿ ಯೋಜನೆ ಇರುವುದರಿಂದ ಅವರಿಗೆ ಬಸ್ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರ. ಆದರೆ ಜೊತೆಗೆ ಬರುವ ಗಂಡನಿಗೆ ಟಿಕೆಟ್ ಉಂಟು. ಅವರು ಬಂದ ದಿನ ಮಗ್ಗ ನಿಲ್ಲುತ್ತದೆ. ಮಗ್ಗ ನಿಂತ ದಿನ ಪಗಾರ ಇಲ್ಲ. ಝೆರಾಕ್ಸು, ಫೋಟೋ, ಚಹಾ, ನನ್ನ ಐವತ್ತು ರೂಪಾಯಿ, ಮತ್ತೆ ಇನ್ನೊಂದು ದಿನ, ಯಾಕೆಂದರೆ ಆವತ್ತು ಸಾಹೇಬರು ಮೀಟಿಂಗಿನಲ್ಲಿದ್ದರು. ಹೀಗೆ ಐದು ತಿಂಗಳು. ಬಾರದೆ ಹೋದ ರೊಕ್ಕ 10,000 ರೂಪಾಯಿ. ಅದನ್ನು ತರಲು ಹೋಗಿ ಖರ್ಚಾದದ್ದು ಬೇರೆ. ಇಷ್ಟಕ್ಕೂ ತಪ್ಪು ಅವರದ್ದಲ್ಲ.

ರಿಟರ್ನ್ ತುಂಬುವಾಗ ಹೀಗಾಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ. ಆ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನನಗೆ ಮಾತ್ರ ಆ ಸಂಕಟ ಹೋಗಿಲ್ಲ.

ಇದು ಒಂದು ಬಗೆಯ ತಪ್ಪಾಯಿತು. ಹೆಸರಿನ ತಪ್ಪಿನದು ಇನ್ನೊಂದು ದೊಡ್ಡ ಕತೆ. ನಮ್ಮ ಭಾಗದ ಹೆಣ್ಣುಮಕ್ಕಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನು ನೀವು ನೋಡಿರಬೇಕು. ಬಸವ್ವ ಎನ್ನುವ ಹೆಸರಿನ 'ವ್ವ'ಕ್ಕೆ ಒಬ್ಬರು ಎರಡು ವಿ ಹಾಕುತ್ತಾರೆ, ಇನ್ನೊಬ್ಬರು ಎರಡು ಡಬ್ಲ್ಯೂ ಹಾಕುತ್ತಾರೆ. ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಗಂಗವ್ವ ಕೆಲವು ಕಡೆ ಗಂಗಾಬಾಯಿ ಆಗಿರುತ್ತಾರೆ. ಮದುವೆಯಾದ ಮೇಲೆ ಅಪ್ಪನ ಹೆಸರು ಹೋಗಿ ಗಂಡನ ಹೆಸರು ಬರುತ್ತದೆ, ಅಡ್ಡಹೆಸರು ಬದಲಾಗುತ್ತದೆ. ಎಷ್ಟೋ ಮನೆಗಳಲ್ಲಿ ಹೆಣ್ಣಿನ ಹೆಸರೇ ಬದಲಾಗುತ್ತದೆ. ತವರಲ್ಲಿ ಕಸ್ತೂರಿ, ಗಂಡನ ಮನೆಯಲ್ಲಿ ಶೋಭಾ. ಊರಿನವರಿಗೆಲ್ಲ ಆಕೆ ಒಬ್ಬಳೇ. ಕಂಪ್ಯೂಟರಿಗೆ ಮಾತ್ರ ಇಬ್ಬರು.

ಇದರ ಉಲ್ಟಾನೂ ಆಗುತ್ತದೆ, ಇಬ್ಬರು ಕಂಪ್ಯೂಟರಿಗೆ ಒಬ್ಬರಾಗುತ್ತಾರೆ. ಹಳೆಯ ಕಾಲದವರಿಗೆ ಹುಟ್ಟಿದ ತಾರೀಖು ಗೊತ್ತಿಲ್ಲ. ಶಾಲೆ ಮೆಟ್ಟಿಲು ಹತ್ತಿದವರಿಗೆ ಮಾಸ್ತರರು ಜೂನ್ 1 ಎಂದು ಬರೆದರು. ಹತ್ತದವರಿಗೆ ಆಧಾರ್ ಮಾಡಿಸುವಾಗ ಅಂದಾಜಿನ ವರ್ಷ ಹೇಳಿದ್ದಕ್ಕೆ ಜನವರಿ 1 ಎಂದು ಬಿತ್ತು. ಒಂದೇ ಊರಿನಲ್ಲಿ ಮಹಾದೇವಿ ಎಂಬ ಹೆಸರಿನ ಇಬ್ಬರು, ಇಬ್ಬರ ಗಂಡಂದಿರೂ ಮಲ್ಲಪ್ಪ, ಇಬ್ಬರ ಜನ್ಮದಿನವೂ ಅದೇ ವರ್ಷದ ಜನವರಿ 1. ನಮ್ಮ ಕಡೆ ಇದು ಅಪರೂಪವೇ ಅಲ್ಲ. ಪಟ್ಟಿಗಳನ್ನು ಹೊಂದಿಸುವ ಪ್ರೋಗ್ರಾಂ ಬರೆದವರಿಗೆ ನಮ್ಮ 'ವ್ವ' ಗೊತ್ತಿಲ್ಲ, ನಮ್ಮ ಜೂನ್ 1 ಗೊತ್ತಿಲ್ಲ. ಅವರನ್ನು ಬೈಯುವುದಿಲ್ಲ. ಆದರೆ ಗೊತ್ತಿರುವವರು ಪ್ರತಿ ಊರಿನಲ್ಲಿ ಇದ್ದಾರೆ: ಅಂಗನವಾಡಿ ಕಾರ್ಯಕರ್ತೆ, ಪೋಸ್ಟ್‌ಮ್ಯಾನ್, ಗ್ರಾಮ ಪಂಚಾಯಿತಿ ಸಿಬ್ಬಂದಿ. ಹೆಸರು ಹೊಡೆಯುವ ಮೊದಲು ಅವರನ್ನು ಒಂದು ಮಾತು ಕೇಳಿದರೆ ಏನು ಹೋಗುತ್ತದೆ?

ಈಗ ಬೆರಳಿನ ವಿಷಯ. ಕಬ್ಬು ಕಡಿಯುವವರು, ಕಲ್ಲು ಒಡೆಯುವವರು, ವರ್ಷಗಟ್ಟಲೆ ನೂಲು ಎಳೆದವರು, ಎಪ್ಪತ್ತು ದಾಟಿದವರು, ಇವರ ಬೆರಳಿನ ಗೆರೆ ಸವೆದಿರುತ್ತವೆ. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ ಕೆಂಪು ದೀಪ. ಒರೆಸಿ ಮತ್ತೆ ಇಡುತ್ತಾರೆ. ಎಣ್ಣೆ ಹಚ್ಚಿ ಇಡುತ್ತಾರೆ. ಹತ್ತು ಬೆರಳನ್ನೂ ಇಟ್ಟು ನೋಡುತ್ತಾರೆ. ಆಗದಿದ್ದರೆ ಒಟಿಪಿ ಎನ್ನುತ್ತಾರೆ. ಒಟಿಪಿ ಹೋಗುವ ನಂಬರು ಮಗನದು. ಮಗ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗದ ಮುಂದೆ ನಿಂತಿರುತ್ತಾನೆ. ಆ ಸದ್ದಿನಲ್ಲಿ ಫೋನು ಕೇಳಿಸುವುದಿಲ್ಲ. ಅವನು ಹೊರಗೆ ಬಂದು ಮೆಸೇಜು ನೋಡುವ ಹೊತ್ತಿಗೆ ಒಟಿಪಿಯ ಟೈಮು ಮುಗಿದಿರುತ್ತದೆ. ಅಂಗಡಿಯಲ್ಲಿ ಕೂತ ಅಜ್ಜಿ ನನ್ನ ಮುಖ ನೋಡುತ್ತಾಳೆ. ಸಂಧ್ಯಾ ಸುರಕ್ಷಾ ಎಂಬ ವೃದ್ಧರ ಪಿಂಚಣಿಯ 1,200 ರೂಪಾಯಿಗೆ ಅವಳು ಬಂದಿರುತ್ತಾಳೆ.

ರೊಕ್ಕ ಬಂದರೂ ಯಾವ ಖಾತೆಗೆ ಬಂತು ಎನ್ನುವುದೇ ಒಂದು ಹುಡುಕಾಟ. ಆಧಾರ್ ಮೂಲಕ ಕಳಿಸುವ ಹಣ ಖಾತೆ ನಂಬರ್ ನೋಡಿ ಹೋಗುವುದಿಲ್ಲ. ಕೊನೆಯ ಸಲ ಯಾವ ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದಾರೋ ಅಲ್ಲಿಗೆ ಹೋಗುತ್ತದೆ. ಯಾವಾಗಲೋ ಸಂಘದ ಸಾಲಕ್ಕೆಂದು ಒಂದು ಬ್ಯಾಂಕಿನಲ್ಲಿ ಖಾತೆ ತೆಗೆಸಿರುತ್ತಾರೆ. ಅದು ಮರೆತೇ ಹೋಗಿರುತ್ತದೆ. ಪಿಂಚಣಿ ಸುಮ್ನೆ ಅಲ್ಲಿ ಹೋಗಿ ಕೂರುತ್ತಿರುತ್ತದೆ. ಸರ್ಕಾರದ ದಾಖಲೆಯಲ್ಲಿ ಪಾವತಿ ಯಶಸ್ವಿ. ಅಜ್ಜಿಯ ಕೈಯಲ್ಲಿ ಏನೂ ಇಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಅಕ್ಕಿ ಆಗಿದ್ದರೆ ಹೀಗಾಗುತ್ತಿರಲಿಲ್ಲ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದಿರಿ. ಖಾತೆಗೆ ಆಧಾರ್ ಜೋಡಿಸದ ಮನೆಯವರು ಆಗ ನನ್ನ ಅಂಗಡಿ ಮುಂದೆ ಸಾಲು ನಿಂತಿದ್ದರು. 2025ರ ಆರಂಭದಲ್ಲಿ ಮತ್ತೆ ಅಕ್ಕಿಯೇ ಕೊಡಲು ಶುರು ಮಾಡಿದ ಮೇಲೆ ಆ ಸಾಲು ಕರಗಿತು.

ನಾನು ಹಳೆಯ ಕಾಲಕ್ಕೆ ಹೋಗೋಣ ಎನ್ನುತ್ತಿಲ್ಲ. ಮನಿ ಆರ್ಡರ್ ಕಾಲದಲ್ಲಿ ಪಿಂಚಣಿ ತಂದುಕೊಟ್ಟವರಿಗೆ ಇಷ್ಟು ಎಂದು ಕೊಡಬೇಕಿದ್ದುದು ನನಗೆ ನೆನಪಿದೆ. ಸತ್ತವರ ಹೆಸರಿನಲ್ಲಿ ಸೀಮೆಎಣ್ಣೆ ಹೋಗುತ್ತಿದ್ದದ್ದೂ ನೆನಪಿದೆ. ತಿಂಗಳಿಗೆ 2,000 ರೂಪಾಯಿ ನೇರವಾಗಿ ಹೆಣ್ಣುಮಗಳ ಖಾತೆಗೆ ಬರುವುದು, ಗಂಡನನ್ನು ಕೇಳದೆ ಅವಳೇ ಹೋಗಿ ತೆಗೆಯುವುದು, ಇದನ್ನು ನನ್ನ ಕಣ್ಣಿಂದ ನೋಡಿದ್ದೇನೆ. ಮಗಳ ಫೀಸು ಕಟ್ಟಿ ಬಂದು ರಸೀದಿಯ ಝೆರಾಕ್ಸ್ ಮಾಡಿಸಿಕೊಂಡು ಹೋದವರ ಮುಖ ನೋಡಿದ್ದೇನೆ. ಕಂಪ್ಯೂಟರ್ ಇಲ್ಲದೆ ಅದು ಆಗುತ್ತಿರಲಿಲ್ಲ.

ನನ್ನ ತಕರಾರು ಲೆಕ್ಕದ್ದು. ನೇರ ನಗದು ವರ್ಗಾವಣೆಯಿಂದ 3.48 ಲಕ್ಷ ಕೋಟಿ ರೂಪಾಯಿ ಉಳಿದಿದೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ಹೇಳಿತು. ರಾಜ್ಯದಲ್ಲೂ ಅನರ್ಹರನ್ನು ತೆಗೆದಿದ್ದರಿಂದ ಉಳಿತಾಯ ಆಯಿತು ಎಂಬ ಮಾತು ಆಗಾಗ ಬರುತ್ತದೆ. ನಮ್ಮ ಓಣಿಯ ಆ ತಾಯಿಯ ಐದು ತಿಂಗಳ 10,000 ರೂಪಾಯಿ ಈ ಉಳಿತಾಯದಲ್ಲಿ ಸೇರಿದೆಯಾ? ಸೇರಿದ್ದರೆ ಅದನ್ನು ಉಳಿತಾಯ ಎನ್ನಬಹುದಾ? ಅದು ಅವರಿಗೆ ಕೊಡಬೇಕಾದ ಬಾಕಿ, ಅಲ್ವಾ? ಅವರ ಪಗಾರ, ಅವರ ಓಡಾಟ, ನನ್ನ ಅಂಗಡಿಗೆ ಕೊಟ್ಟದ್ದು, ಪಿಂಚಣಿ ತೆಗೆದುಕೊಡಲು ಕೆಲವರು ಹಿಡಿದುಕೊಳ್ಳುವ ಇಪ್ಪತ್ತು ಮೂವತ್ತು, ಇವೆಲ್ಲ ಯಾವ ಕಾಲಮ್ಮಿನಲ್ಲಿದೆ? ಮೊದಲು ಕಚೇರಿಯವರು ಮಾಡುತ್ತಿದ್ದ ಕೆಲಸವನ್ನು ಈಗ ಆ ತಾಯಿಯಂಥವರು ಮಾಡುತ್ತಿದ್ದಾರೆ. ಆ ಖರ್ಚು ಎಲ್ಲೂ ಹೋಗಿಲ್ಲ. ಜೇಬು ಬದಲಾಗಿದೆ.

ಇದು ನನ್ನೊಬ್ಬನ ಅಂಗಡಿಯ ಅನುಭವ ಎಂದು ನೀವು ಹೇಳಬಹುದು. ಜಾರ್ಖಂಡ್‌ನಲ್ಲಿ ರೇಷನ್‌ಗೆ ಹೆಬ್ಬೆಟ್ಟು ಕಡ್ಡಾಯ ಮಾಡಿದಾಗ ಏನಾಯಿತು ಎಂಬುದನ್ನು ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಅವರ ಜೊತೆಗಾರರು ಅಧ್ಯಯನ ಮಾಡಿ 2020ರಲ್ಲಿ ಹೊರತಂದರು. ಬರೀ ಹೆಬ್ಬೆಟ್ಟಿನಿಂದ ಸೋರಿಕೆ ಸರಾಸರಿಯಲ್ಲಿ ಕಡಿಮೆ ಆಗಿರಲಿಲ್ಲ. ಜನರ ಓಡಾಟದ ಖರ್ಚು ಹೆಚ್ಚಾಗಿತ್ತು. ಮೊದಲೇ ಆಧಾರ್ ಜೋಡಿಸಿರದ ಮನೆಗಳಿಗೆ ಸಿಗುತ್ತಿದ್ದದ್ದು ಶೇಕಡ 10ರಷ್ಟು ಕಡಿಮೆಯಾಗಿತ್ತು. ಮುಂದೆ ಅಂಗಡಿಗಳ ದಾಸ್ತಾನನ್ನು ಯಂತ್ರದ ಲೆಕ್ಕಕ್ಕೆ ಹೊಂದಿಸಿದಾಗ ಸೋರಿಕೆ ಕಡಿಮೆಯಾಯಿತು, ನಿಜ. ಆದರೆ ಜನರ ಚೀಲಕ್ಕೆ ಬೀಳುವ ಧಾನ್ಯವೂ ಅದರ ಜೊತೆಗೇ ಕಡಿಮೆಯಾಯಿತು. ಪಕ್ಕದ ತೆಲಂಗಾಣದಲ್ಲಿ ಕಂಪ್ಯೂಟರ್ ಹೊಂದಾಣಿಕೆಯ ಮೇಲೆ ರೇಷನ್ ಕಾರ್ಡು ರದ್ದು ಮಾಡುತ್ತಾ ಹೋದರು. ಸುಮಾರು 19 ಲಕ್ಷ ರದ್ದಾದ ಕಾರ್ಡುಗಳನ್ನು ಸ್ಥಳಕ್ಕೆ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮೊದಲೇ ಸ್ಥಳಕ್ಕೆ ಹೋಗಿದ್ದರೆ ಎಷ್ಟು ಮನೆಗಳ ಒಲೆ ತಣ್ಣಗಾಗುವುದು ತಪ್ಪುತ್ತಿತ್ತೋ.

ನಮ್ಮಲ್ಲೂ 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ಇದ್ದಕ್ಕಿದ್ದಂತೆ ಎಪಿಎಲ್ ಆದದ್ದು, ಗದ್ದಲ ಎದ್ದ ಮೇಲೆ ಸರ್ಕಾರವೇ ಹಿಂದೆ ಸರಿದು ಕಾರ್ಡು ವಾಪಸ್ ಕೊಡಲು ಹೇಳಿದ್ದು ನಿಮಗೆ ಮರೆತಿರಲಾರದು. ಗದ್ದಲ ಎದ್ದಿದ್ದರಿಂದ ಸರಿಯಾಯಿತು. ಒಂದೊಂದೇ ಮನೆಯದು ನಿಂತರೆ ಗದ್ದಲ ಏಳುವುದಿಲ್ಲ. ಆ ಮನೆಯವರು ನನ್ನಂಥವರ ಅಂಗಡಿಗೆ ಬರುತ್ತಾರೆ, ಅಷ್ಟೇ.

ಬೇರೆ ದಾರಿ ಇಲ್ಲವಾ ಎಂದು ನಾನು ರಾತ್ರಿ ಹೊತ್ತು ಹುಡುಕಿ ಓದಿದೆ. ಅಮೆರಿಕದಲ್ಲಿ 1988ರಲ್ಲೇ ಇದಕ್ಕಾಗಿ ಒಂದು ಕಾನೂನು ಮಾಡಿದ್ದಾರೆ. ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳು ಒಂದು ಪಟ್ಟಿಯನ್ನು ಇನ್ನೊಂದರ ಜೊತೆ ಕಂಪ್ಯೂಟರಿನಲ್ಲಿ ಹೊಂದಿಸಿ ನೋಡುವ ಮೊದಲು, ಇದರಿಂದ ಎಷ್ಟು ಲಾಭ, ಎಷ್ಟು ಖರ್ಚು ಎಂದು ಲೆಕ್ಕ ಹಾಕಬೇಕು. ಹೊಂದಾಣಿಕೆಯಲ್ಲಿ ಹೆಸರು ಸಿಕ್ಕಿತು ಎಂದ ಕೂಡಲೇ ಸೌಲಭ್ಯ ನಿಲ್ಲಿಸುವಂತಿಲ್ಲ. ಸಿಕ್ಕಿದ್ದು ಸರಿಯೇ ಎಂದು ಬೇರೆ ರೀತಿಯಲ್ಲಿ ಖಾತ್ರಿ ಮಾಡಿಕೊಳ್ಳಬೇಕು. ಆ ವ್ಯಕ್ತಿಗೆ ನೋಟಿಸು ಕೊಟ್ಟು, ಉತ್ತರ ಹೇಳಲು ಸಮಯ ಕೊಡಬೇಕು. 30 ದಿನದ ಮಾತು ಅದರಲ್ಲಿ ಇತ್ತು. ಆಗಿನ ಕಂಪ್ಯೂಟರ್ ಎಷ್ಟು ದೊಡ್ಡದಿತ್ತೋ, ಎಷ್ಟು ನಿಧಾನವಿತ್ತೋ. ಆದರೂ ಅದು ತಪ್ಪು ಮಾಡುತ್ತದೆ ಎಂದು ಅವರಿಗೆ ಹೊಳೆದಿತ್ತು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ ಸಕಾಲ ಕಾಯ್ದೆ ಇದೆ. 2011ರದ್ದು, ಇದೇ ರಾಜ್ಯದ ಶಾಸಕರು ಮಾಡಿದ್ದು. ಹೇಳಿದ ಸಮಯದಲ್ಲಿ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಜನರಿಗೆ ಪರಿಹಾರ ಕೊಡಬೇಕು ಎಂದು ಅದರಲ್ಲಿದೆ. ಮೊತ್ತ ಸಣ್ಣದು. ಆದರೆ ಬಡವರ ಸಮಯಕ್ಕೂ ಬೆಲೆ ಇದೆ ಎಂದು ಕರ್ನಾಟಕ ಕಾನೂನಿನಲ್ಲೇ ಬರೆದಿದೆ, ಅದು ನನಗೆ ಹೆಮ್ಮೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೂ ಸಿಗಬೇಕಾದ ಧಾನ್ಯ ಸಿಗದಿದ್ದರೆ ಅದರ ಬದಲು ಭತ್ಯೆ ಕೊಡಬೇಕು ಎಂದಿದೆ. ಆಧಾರ್ ಬಗ್ಗೆ 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ದೃಢೀಕರಣ ಆಗಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂಬ ಮಾತಿದೆ. ಇಷ್ಟೆಲ್ಲ ಇದ್ದೂ, ಕೆಂಪು ದೀಪ ಹತ್ತಿದಾಗ ಅಜ್ಜಿಗೆ ಏನು ಹೇಳಬೇಕು ಎಂಬ ಒಂದು ಹಾಳೆ ನನ್ನ ಅಂಗಡಿಗೂ ಬಂದಿಲ್ಲ, ರೇಷನ್ ಅಂಗಡಿಯ ಗೋಡೆ ಮೇಲೂ ನಾನು ನೋಡಿಲ್ಲ.

ಹಾಗಾಗಿ ನನ್ನ ಬೇಡಿಕೆ ತುಂಬಾ ಸಾದಾ. ಕಂಪ್ಯೂಟರ್ ಯಾರ ಹೆಸರನ್ನಾದರೂ ಎತ್ತಿ ತೋರಿಸಲಿ, ಬೇಡ ಎನ್ನುವುದಿಲ್ಲ. ಆದರೆ ನಿಲ್ಲಿಸುವುದಕ್ಕೆ ಮೊದಲು ಆ ಮನೆಗೆ ಕನ್ನಡದಲ್ಲಿ ಒಂದು ಕಾಗದ ಹೋಗಲಿ. ಮೊಬೈಲಿಗೆ ಮೆಸೇಜು ಸಾಲದು, ಮೊಬೈಲು ಇಚಲಕರಂಜಿಯಲ್ಲಿರುತ್ತದೆ. ಯಾವ ಇಲಾಖೆಯ ಯಾವ ಪಟ್ಟಿಯಲ್ಲಿ ನಿಮ್ಮ ಹೆಸರು ಸಿಕ್ಕಿತು, ಅದು ತಪ್ಪಾಗಿದ್ದರೆ ಯಾರನ್ನು ನೋಡಬೇಕು, ಇಷ್ಟು ಆ ಕಾಗದದಲ್ಲಿರಲಿ. 30 ದಿನ ರೊಕ್ಕ, ರೇಷನ್ ಎರಡೂ ನಡೆಯುತ್ತಿರಲಿ. ತಪ್ಪು ಎಂದು ತೋರಿಸುವ ಭಾರ ಆ ತಾಯಿಯ ಮೇಲೆ ಬೇಡ. ಸರಿ ಎಂದು ತೋರಿಸುವ ಭಾರ ಇಲಾಖೆಯ ಮೇಲಿರಲಿ. ತೆರಿಗೆ ಕಟ್ಟಿದ್ದಾರಾ ಇಲ್ಲವಾ ಎಂಬ ಮಾಹಿತಿಯನ್ನು ಒಂದು ಇಲಾಖೆ ಇನ್ನೊಂದಕ್ಕೆ ಕೊಡಬಲ್ಲದು ಎಂದ ಮೇಲೆ, ಕಟ್ಟಿಲ್ಲ ಎಂಬುದನ್ನೂ ಅದೇ ತಂತಿಯಲ್ಲಿ ಕಳಿಸಬಹುದಲ್ಲ. ಹೆಣ್ಣುಮಗಳನ್ನು ಬಸ್ಸು ಹತ್ತಿಸಿ ಯಾಕೆ ಕಳಿಸುತ್ತೀರಿ?

ತಪ್ಪಾಗಿ ನಿಲ್ಲಿಸಿದ್ದು ಗೊತ್ತಾದರೆ ಹಿಂದಿನ ತಿಂಗಳುಗಳ ಬಾಕಿ ಪೂರ್ತಿ ಕೊಡಿ, ಸಕಾಲದ ಆ ದಿನಕ್ಕೆ 20 ರೂಪಾಯಿಯನ್ನೂ ಸೇರಿಸಿ ಕೊಡಿ. ಹೆಸರಿನ ಅಕ್ಷರ ತಿದ್ದುವುದು, ಖಾತೆ ಎಲ್ಲಿ ಜೋಡಣೆಯಾಗಿದೆ ಎಂದು ನೋಡಿ ಹೇಳುವುದು, ಇವು ಗ್ರಾಮ ಪಂಚಾಯಿತಿಯಲ್ಲಿ, ನಗರಸಭೆಯಲ್ಲಿ ಪುಕ್ಕಟೆ ಆಗಲಿ. ನನ್ನ ಐವತ್ತು ರೂಪಾಯಿ ಹೋಗುತ್ತದೆ, ಹೋಗಲಿ. ನನಗೆ ಮಾಡಲು ಬೇರೆ ಕೆಲಸ ಇದೆ. ಹೆಬ್ಬೆಟ್ಟು ಬಾರದವರಿಗೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಅವತ್ತೇ ರೇಷನ್ ಕೊಡುವ ಅಧಿಕಾರ ಅಂಗಡಿಯವರಿಗೆ ಇದೆ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕಿ. ಇಲ್ಲವಾದರೆ ಆ ಅಧಿಕಾರ ಕೊಡಿ.

ಇವೆಲ್ಲಕ್ಕೂ ಮೊದಲು ಒಂದು ಕೆಲಸ ಈ ಅಧಿವೇಶನದಲ್ಲೇ ಆಗಬಹುದು. ಅದಕ್ಕೆ ಬಜೆಟ್ ಬೇಡ. ನಿಮ್ಮಲ್ಲಿ ಯಾರಾದರೂ ಒಬ್ಬರು, ಆಡಳಿತ ಪಕ್ಷದವರೋ ವಿರೋಧ ಪಕ್ಷದವರೋ, ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದ ಪ್ರಶ್ನೆ, ಕೇಳಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ, ತಾಲೂಕುವಾರು, ದತ್ತಾಂಶ ಹೊಂದಾಣಿಕೆಯಿಂದ ಎಷ್ಟು ಜನರ ಗೃಹಲಕ್ಷ್ಮಿ, ಪಿಂಚಣಿ, ರೇಷನ್ ನಿಂತಿತು? ಅವರಲ್ಲಿ ಎಷ್ಟು ಜನರಿಗೆ ಮೊದಲು ನೋಟಿಸು ಹೋಗಿತ್ತು? ಎಷ್ಟು ಜನರದ್ದು ತಪ್ಪಾಗಿ ನಿಂತದ್ದು ಎಂದು ಆಮೇಲೆ ಒಪ್ಪಿ ಮತ್ತೆ ಶುರು ಮಾಡಿದಿರಿ, ಅದಕ್ಕೆ ಎಷ್ಟು ದಿನ ಹಿಡಿಯಿತು, ಬಾಕಿ ಎಷ್ಟು ಕೊಟ್ಟಿರಿ? ಉತ್ತರ ಬಂದ ದಿನ ಅದನ್ನು ಪ್ರಿಂಟ್ ತೆಗೆದು ನನ್ನ ಅಂಗಡಿ ಬಾಗಿಲಿಗೆ ಅಂಟಿಸುತ್ತೇನೆ.

ಆ ನೇಕಾರ ತಾಯಿಯ ಅರ್ಜಿ ಇನ್ನೂ ಪೆಂಡಿಂಗ್ ಎಂದೇ ತೋರಿಸುತ್ತಿದೆ. ಸೋಮವಾರ ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದಾರೆ. ಅವರಿಂದ ಐವತ್ತು ರೂಪಾಯಿ ತೆಗೆದುಕೊಳ್ಳುವುದನ್ನು ನಾನು ಬಿಟ್ಟಿದ್ದೇನೆ.

ಇಂತಿ ನಿಮ್ಮ ಮತದಾರ,
ಆನ್‌ಲೈನ್ ಅಂಗಡಿಯವ,
ಬನಹಟ್ಟಿ, ಬಾಗಲಕೋಟೆ ಜಿಲ್ಲೆ